ಎಲ್ಲರಿಗೂ ಒಂದೇ ರಟ್ಟು

ನಮ್ಮ ದೇಶದ ಪಾಸ್‌ಪೋರ್ಟ್ ವಿನ್ಯಾಸ ನನ್ನದೇ. ಇಲ್ಲಿ ಮುಖ್ಯನಾಡಿನಲ್ಲಿ ಹುಟ್ಟಿದವರು ವೀಸಾ ಇಲ್ಲದೆ ಗಡಿ ದಾಟಬಹುದು, ನಮ್ಮದೇ ದೇಶಕ್ಕೆ ಸೇರಿದ ದ್ವೀಪದಲ್ಲಿ ಹುಟ್ಟಿದವರು ಹಾಗೆ ದಾಟುವಂತಿಲ್ಲ. ಯಾರಿಗೂ ಅವಮಾನ ಆಗಬಾರದೆಂದು ಮೇಲಧಿಕಾರಿಗಳ ಜೊತೆ ಜಗಳವಾಡಿ ಎಲ್ಲರಿಗೂ ಒಂದೇ ನೀಲಿ ರಟ್ಟು ಹಾಕಿಸಿದೆ. ವ್ಯತ್ಯಾಸವನ್ನು ಕೊನೆಯ ಪುಟದ ಸಣ್ಣಕ್ಷರದಲ್ಲಿ ಅಡಗಿಸಿದೆ. ಅದಕ್ಕೆ ಬೆನ್ನು ತಟ್ಟಿಕೊಂಡವನೂ ನಾನೇ.

ಇವತ್ತು ಗಡಿಯಾಚೆಯ ಆಸ್ಪತ್ರೆಯಲ್ಲಿ ಅಣ್ಣನಿಗೆ ಆಪರೇಷನ್. ದ್ವೀಪದವರಾದ ಅತ್ತಿಗೆಯ ಜೊತೆ ನಾನೂ ಹೊರಟೆ. ಗಡಿಯ ಕೌಂಟರಿನವನು ಇಬ್ಬರದರಲ್ಲೂ ಕೊನೆಯ ಪುಟವನ್ನೇ ಮೊದಲು ತೆರೆದ. ನನ್ನದಕ್ಕೆ ಠಪ್ಪನೆ ಮುದ್ರೆ ಒತ್ತಿದ. ಅತ್ತಿಗೆಯನ್ನು, "ವೀಸಾ ಎಲ್ಲಮ್ಮಾ?" ಅಂತ ಕೇಳಿದ.

ಅವರು ವೀಸಾ ಮಾಡಿಸಿರುತ್ತಾರೆ ಅಂತಲೇ ನಾನು ಅಂದುಕೊಂಡಿದ್ದೆ.

ಅತ್ತಿಗೆ ನನ್ನ ಮುಖ ನೋಡಿದರು. "ನಿಂದೂ ನಂದೂ ಒಂದೇ ಥರ ಇದೆಯಲ್ಲಪ್ಪಾ. ಅದಕ್ಕೇ ನಾನು ವೀಸಾ ಕೇಳೋಕೆ ಹೋಗಲಿಲ್ಲ."