ಕೋವಿಯೊಳಗಿನ ಹೆಬ್ಬೆರಳು

ನಾನು ಒಂದು ಹಳೆಯ ಸಿಪಾಯಿ ಕೋವಿಯ ಹೊಟ್ಟೆಯಲ್ಲಿರುವ ಸ್ಪ್ರಿಂಗು. ಸ್ಪ್ರಿಂಗು ಎಂದ ಕೂಡಲೇ ಪೆನ್ನಿನೊಳಗೆ ಕುಣಿಯುವ ಸುರುಳಿಯನ್ನು ನೆನೆಸಿಕೊಳ್ಳಬೇಡಿ. ನಾನು ಆ ಜಾತಿಯವನಲ್ಲ. ಉಕ್ಕಿನ ಪಟ್ಟಿಯೊಂದನ್ನು ನಡುವೆ ಮಡಚಿದರೆ ಚಿಮಟದ ಹಾಗೆ ಎರಡು ಕಾಲಾಗುತ್ತದಲ್ಲ, ಅದೇ ನನ್ನ ಮೈ. ಸಮುದ್ರದಾಚೆಯ ಕಾರ್ಖಾನೆಯೊಂದರಲ್ಲಿ ನನ್ನನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಮುಳುಗಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಗಾಜಿನಂತೆ ಒಡೆದುಹೋಗುತ್ತಿದ್ದೆ. ಮತ್ತೆ ಹದವಾದ ಬೆಂಕಿಗೆ ಹಿಡಿದು, ಮೈಮೇಲೆ ನೀಲಿ ಬಣ್ಣ ಮೂಡುವ ತನಕ ಕಾದರು. ಆ ನೀಲಿ ಇನ್ನೂ ಕಣ್ಣಿಗೆ ಕಟ್ಟಿದೆ. ಕತ್ತಲಲ್ಲಿ ಮಲಗಿ ಕನಸು ಕಾಣುವುದಕ್ಕೆ ನನಗೆ ಅಷ್ಟು ಸಾಕು.

ನನ್ನ ಕೆಲಸ ಸರಳ. ಕೋವಿಯ ಬದಿಯಲ್ಲಿ ಸುತ್ತಿಗೆಯಂಥ ಒಂದು ತುಂಡಿದೆ, ಅದಕ್ಕೆ ಕುದುರೆ ಎನ್ನುತ್ತಾರೆ. ಹೆಬ್ಬೆರಳಿನಿಂದ ಕುದುರೆಯನ್ನು ಹಿಂದಕ್ಕೆ ಎಳೆದಾಗ ನನ್ನ ಎರಡು ಕಾಲುಗಳು ಅಮುಕಿಕೊಳ್ಳುತ್ತವೆ. ಪುಟ್ಟ ಕೊಕ್ಕೆಯೊಂದು ಕಚ್ಚಿಗೆ ಸಿಕ್ಕಿ ನಮ್ಮನ್ನು ಹಾಗೇ ಹಿಡಿದಿಡುತ್ತದೆ. ಟ್ರಿಗರ್ ಒತ್ತಿದರೆ ಕೊಕ್ಕೆ ಜಾರುತ್ತದೆ, ನಾನು ಕಾಲು ಚಾಚುತ್ತೇನೆ, ಕುದುರೆ ಹೋಗಿ ಕೇಪು ಎಂಬ ಪುಟ್ಟ ಸಿಡಿಮದ್ದಿನ ಬಟ್ಟಲಿಗೆ ಬಡಿಯುತ್ತದೆ, ಕೇಪು ಸಿಡಿದು ಒಳಗಿನ ಮದ್ದಿಗೆ ಬೆಂಕಿ. ಹೆಸರೆಲ್ಲ ಮದ್ದಿಗೆ! ಹೋಗಲಿ ಬಿಡಿ. ಒಂದು ಮಾತು ಮಾತ್ರ ತಿಳಿದಿರಲಿ, ನನಗೆ ಸ್ವಂತ ಬಲವೆಂಬುದಿಲ್ಲ. ಯಾರ ಹೆಬ್ಬೆರಳು ಎಳೆಯಿತೋ ಅವರ ಬಲವನ್ನೇ ಇಟ್ಟುಕೊಂಡಿದ್ದು ಹಿಂತಿರುಗಿಸುತ್ತೇನೆ.

ನಾನು ಮುಖ ನೋಡಿದವನಲ್ಲ. ಒಡೆಯರನ್ನು ಹೆಬ್ಬೆರಳಿನಿಂದಲೇ ಗುರುತಿಸುತ್ತ ಬಂದೆ. ಮೊದಲು ದಂಡಿನ ಸಿಪಾಯಿಗಳ ಬೆವರಿದ ಹೆಬ್ಬೆರಳುಗಳು. ಹೊಸ ಕೋವಿಗಳು ಬಂದ ಮೇಲೆ ನಮ್ಮನ್ನು ಹರಾಜು ಹಾಕಿದರು. ಕೊಡಗಿನ ಅಜ್ಜನೊಬ್ಬ ಮನೆಗೆ ತಂದ. ಅಲ್ಲಿ ಯುದ್ಧವಿರಲಿಲ್ಲ. ಮಗ ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಒಂದರ ಹಿಂದೆ ಇನ್ನೊಂದು, ಎರಡು ಗುಂಡು. ಆ ಸದ್ದಿನಿಂದಲೇ ಊರಿಗೆ ಸುದ್ದಿ. ಕೈಲ್‌ಪೊಳ್ದ್ ಎಂಬ ಆಯುಧಗಳ ಹಬ್ಬ ಬಂದರೆ ನಮಗೆ ಎಣ್ಣೆ, ಹೂವು, ಪೂಜೆ. ಕೊಲ್ಲಲೆಂದು ಹುಟ್ಟಿದವನಿಗೆ ಈ ಮರ್ಯಾದೆಯೇ ಎಂದು ನನಗೆ ನಾಚಿಕೆಯಾಗುತ್ತಿತ್ತು.

ಅಜ್ಜನ ಮೊಮ್ಮಗ ಚೆಂಗಪ್ಪ ಸೈನ್ಯದಲ್ಲಿ ಹವಾಲ್ದಾರ. ಅವನ ಹೆಬ್ಬೆರಳು ಒರಟು, ಆದರೆ ಅವಸರ ಅರಿಯದ್ದು. "ಕುದುರೆ ಎತ್ತಿಟ್ಟು ಕೋವಿ ನೇತುಹಾಕ್ಬಾರ್ದು, ಸ್ಪ್ರಿಂಗು ಹಾಳಾಗ್ತದೆ," ಎಂದು ತಮ್ಮ ಕುಟ್ಟಪ್ಪನಿಗೆ ನೂರು ಸಲ ಹೇಳಿದ್ದ. ಆ ವರ್ಷ ರಜೆಗೆ ಬಂದವನು, ನನಗೆ ಎಣ್ಣೆ ಬಿಡಲೆಂದು ಕುದುರೆ ಎತ್ತಿದ್ದ. ಅಷ್ಟರಲ್ಲಿ ತಂತಿ ಬಂತು. ರಜೆ ರದ್ದು, ಕೂಡಲೇ ಹೊರಡು. ಗಡಿಬಿಡಿಯಲ್ಲಿ ಕೋವಿಯನ್ನು ಹಾಗೇ ಗೂಟಕ್ಕೆ ಹಾಕಿ ಹೋದ. ನೂರು ಸಲ ಹೇಳಿದವನೇ ಮರೆತುಬಿಟ್ಟ. ಹಿಮದ ಗಡಿಯಲ್ಲಿ ಚೀನಾ ಯುದ್ಧ ನಡೆದು ಮುಗಿಯಿತು. ಆಮೇಲೆ ಎರಡನೇ ತಂತಿ: ಹವಾಲ್ದಾರ್ ಚೆಂಗಪ್ಪ ಪತ್ತೆಯಿಲ್ಲ.

ಪತ್ತೆಯಿಲ್ಲದವನಿಗೆ ಎರಡು ಗುಂಡು ಹಾರಿಸುವುದು ಹೇಗೆ? ಅವನ ಹೆಂಡತಿ ಬೊಳ್ಳವ್ವ ಹಾರಿಸಗೊಡಲಿಲ್ಲ. ಕುದುರೆ ಇಳಿಸಲು ಹೋದ ಕುಟ್ಟಪ್ಪನ ಕೈಯನ್ನೂ ತಡೆದಳು. "ಅದು ಅವರು ಎತ್ತಿಟ್ಟದ್ದು. ಅವರೇ ಬಂದು ಇಳಿಸ್ತಾರೆ."

ಎಂಟು ವರ್ಷ ನಾನು ಅವನ ಬಲವನ್ನು ಅಪ್ಪಿಕೊಂಡು ಮಲಗಿದೆ. ನಿದ್ದೆಯೋ ಎಚ್ಚರವೋ ತಿಳಿಯುತ್ತಿರಲಿಲ್ಲ. ಕನಸಿನಲ್ಲಿ ಹಿಮ ಬೀಳುತ್ತಿತ್ತು, ಚೆಂಗಪ್ಪ ಕೈ ಉಜ್ಜಿಕೊಳ್ಳುತ್ತ ನಡೆಯುತ್ತಿದ್ದ. ಒಂದು ಹೆಬ್ಬೆರಳು ಮಾತ್ರ ಬೆಚ್ಚಗಿತ್ತು, ಅದು ನನ್ನ ಬಳಿ ಇತ್ತಲ್ಲ! ಬೊಳ್ಳವ್ವ ಆಗಾಗ ಬಂದು ಕುದುರೆಯ ಮೇಲೆ ಬೆರಳಿಡುತ್ತಿದ್ದಳು, ಒತ್ತುತ್ತಿರಲಿಲ್ಲ. ಆಗ ನಾವಿಬ್ಬರೂ ಸೇರಿ ಅವನ ಕೈ ಹಿಡಿದುಕೊಂಡ ಹಾಗಿರುತ್ತಿತ್ತು. ಆದರೆ ನನಗೆ ಒಳಗೊಳಗೇ ದಿಗಿಲು. ನನ್ನ ಕಾಲುಗಳು ಮೊದಲಿನಂತೆ ಒದೆಯುತ್ತಿರಲಿಲ್ಲ.

ಮುಂದಿನ ಕೈಲ್‌ಪೊಳ್ದ್ ಹತ್ತಿರ ಬಂದಾಗ ಕುಟ್ಟಪ್ಪ ವಿರಾಜಪೇಟೆಯಿಂದ ಕೋವಿ ರಿಪೇರಿಯ ತಿಮ್ಮಯ್ಯಾಚಾರಿಯನ್ನು ಕರೆತಂದ. ಆಚಾರಿ ಕುದುರೆಯನ್ನು ಕೂದಲೆಳೆಯಷ್ಟು ಅಲ್ಲಾಡಿಸಿ ನೋಡಿದ.

"ಸೋತಿದೆ, ಅಮ್ಮಾ. ಬಗ್ಗಿಸಿಟ್ಟ ಉಕ್ಕು ಬಗ್ಗಿದ ಹಾಗೇ ನಿಂತುಬಿಡ್ತದೆ. ಎಳೆದಿಟ್ಟ ಬಲ ಒಳಗೇ ಸೋರಿ ಹೋಗ್ತದೆ. ಈಗ ಬಿಟ್ರೆ ಕೇಪು ಒಡೀಬಹುದು. ಇನ್ನೆರಡು ವರ್ಷ ಇಟ್ರೆ ಅದೂ ಇಲ್ಲ."

ಬೊಳ್ಳವ್ವ ಕುದುರೆಯ ಮೇಲೆ ಬೆರಳಿಟ್ಟಳು. "ಜೋಪಾನ ಮಾಡ್ತಾ ಇದ್ದೇನೆ ಅಂತಿದ್ದೆ, ಆಚಾರ್ರೇ. ಇಟ್ಟುಕೊಂಡೇ ಕಳೀತಾ ಇದ್ದೆನಾ?"

ಆಚಾರಿ ಕೋವಿಯನ್ನು ಅವಳ ಕೈಗೆ ಕೊಟ್ಟ.

ಮರುದಿನ ಬೆಳಿಗ್ಗೆ ಅವಳೇ ಕೋವಿಯನ್ನು ಅಂಗಳಕ್ಕೆ ತಂದಳು. "ಕುಟ್ಟಪ್ಪ, ಮದ್ದು ತುಂಬು. ಎರಡನೇದು ನಿನ್ನ ಕೋವಿಯಲ್ಲಿ ಹೊಡಿ. ಮೊದಲನೇದು ಅವರೇ ಹೊಡೀಲಿ."

ಕೇಪು ಒಡೆಯದಿದ್ದರೆ ಕುದುರೆಯನ್ನು ಇನ್ನೊಬ್ಬರ ಹೆಬ್ಬೆರಳು ಎತ್ತಬೇಕಾಗುತ್ತದೆ. ಚೆಂಗಪ್ಪನಿಗೆ ಇರುವುದು ಇದೊಂದೇ ಏಟು. ಬೊಳ್ಳವ್ವ ಬಾನಿಗೆ ಗುರಿ ಹಿಡಿದು ಟ್ರಿಗರ್ ಒತ್ತಿದಳು. ಕೊಕ್ಕೆ ಜಾರಿತು. ಜಡ್ಡುಗಟ್ಟಿದ್ದ ಕಾಲುಗಳನ್ನು ನಾನು ಚಾಚಿದೆ. ಉಳಿದಿದ್ದ ಬಲವನ್ನೆಲ್ಲ, ನನಗೆಂದು ಚೂರೂ ಇಟ್ಟುಕೊಳ್ಳದೆ, ಕೊಟ್ಟುಬಿಟ್ಟೆ. ಕೇಪು ಸಿಡಿಯಿತು. ಅದರ ಹಿಂದೆಯೇ ಕುಟ್ಟಪ್ಪನ ಕೋವಿ ಗುಡುಗಿತು. ಗದ್ದೆಯಲ್ಲಿ ಗುದ್ದಲಿಗಳ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಬಿಳಿ ಬಟ್ಟೆ ಉಟ್ಟ ಜನ ಒಬ್ಬೊಬ್ಬರಾಗಿ ಮನೆಯ ಕಡೆ ಬರತೊಡಗಿದರು.

ಬೊಳ್ಳವ್ವ ಕೋವಿಗೆ ಕೆನ್ನೆಯೊತ್ತಿ ಅಳುತ್ತಿದ್ದಳು.

"ಮೊದಲನೇದೇ ಜೋರಾಗಿ ಕೇಳಿಸ್ತು, ಅತ್ತಿಗೆ," ಎಂದ ಕುಟ್ಟಪ್ಪ.

"ಅವರದ್ದು ಯಾವಾಗ್ಲೂ ಜೋರೇ," ಎಂದಳು ಅವಳು, ಅಳುವಿನ ನಡುವೆ ನಗುತ್ತ.

ಈಗ ನನಗೆ ವಯಸ್ಸಾಗಿದೆ. ಗೂಟದಲ್ಲಿ ಕಾಲು ಚಾಚಿ ತೂಗುತ್ತಿದ್ದೇನೆ, ಒಳಗೆ ಯಾರ ಬಲವೂ ಇಲ್ಲ. ಅದು ಸುಖವೆಂದು ಸುಳ್ಳು ಹೇಳಲಾರೆ, ಮೊದಮೊದಲು ಬಹಳ ಖಾಲಿ ಎನಿಸುತ್ತಿತ್ತು. ತಲೆ ನರೆತ ಬೊಳ್ಳವ್ವ ಇದೇ ಗೋಡೆಗೆ ಚಾಪೆ ಹಾಕಿ ಮಧ್ಯಾಹ್ನ ಮಲಗುತ್ತಾಳೆ. ಅಂಗಳದಲ್ಲಿ ಹೆಜ್ಜೆ ಸದ್ದಾದರೆ ನಾವಿಬ್ಬರೂ ಈಗ ಬೆಚ್ಚಿ ಏಳುವುದಿಲ್ಲ.