ಒಗೆಯುವ ಕಲ್ಲಿನ ಮೇಲೆ ಬ್ಯಾಟರಿ ಗೂಡು

ಕರೆಂಟಿನ ಕಂಬಗಳು ಗುಡ್ಡದ ಬುಡದಲ್ಲೇ ನಿಂತುಬಿಟ್ಟಿದ್ದವು. ಮೇಲಿದ್ದ ಮರದ ಮನೆಗೆ ಬೆಳಕು ತಂದವರು ಅಪ್ಪ. ಛಾವಣಿಗೆ ಸೋಲಾರ್ ಹಾಕಿಸಿ, ಬ್ಯಾಟರಿಗಳನ್ನು ಒಳಕೋಣೆಯಲ್ಲಿ ಸಾಲಾಗಿ ಇಟ್ಟರು. ಅಕ್ಕ, ತಮ್ಮ ಮಲಗುತ್ತಿದ್ದ ಕೋಣೆ ಅದು. ಮಕ್ಕಳ ಹಾಸಿಗೆ ನಡುಮನೆಗೆ ಬಂತು. ಅಪ್ಪ, ಅಮ್ಮ ತೀರಿಹೋದ ಮೇಲೂ ಬ್ಯಾಟರಿಗಳು ಬದಲಾದವೇ ಹೊರತು ಅವುಗಳ ಜಾಗ ಬದಲಾಗಲಿಲ್ಲ.

ಮನೆಯಲ್ಲಿ ಉಳಿದ ಅಕ್ಕ ಹೊಲಿಗೆ ಕೆಲಸ ಮಾಡುತ್ತಿದ್ದಳು. ಗಿರಾಕಿಯೊಬ್ಬರಿಗೆ ಹೊಲಿದು ಆ ಕೋಣೆಯಲ್ಲಿ ತೂಗುಹಾಕಿದ್ದ ಹೊಸ ಅಂಗಿಯನ್ನು ಒಂದು ದಿನ ಬೆಳಕಿಗೆ ಹಿಡಿದರೆ, ತೋಳಿನ ತುಂಬ ಸೂಜಿಮೊನೆಯಷ್ಟು ತೂತುಗಳು. ಬ್ಯಾಟರಿಯ ಆ್ಯಸಿಡ್ ಸಿಡಿದಿತ್ತು. ಅವಳು ತಮ್ಮನಿಗೆ ಫೋನು ಮಾಡಿದಳು.

ಪಟ್ಟಣದಲ್ಲಿ ಲಿಫ್ಟ್ ರಿಪೇರಿ ಮಾಡುವ ತಮ್ಮ ರಜೆ ಹಾಕಿ ಬಂದ. ಕೋಣೆಯ ಬಾಗಿಲು ತೆಗೆದವನೇ ಮೂಗು ಮುಚ್ಚಿಕೊಂಡ.

"ಚಾರ್ಜ್ ಆಗುವಾಗ ಇವು ಗ್ಯಾಸ್ ಬಿಡ್ತವೆ ಅಕ್ಕ. ಕಿಟಕಿ ಬೇರೆ ಮುಚ್ಚಿಟ್ಟಿದ್ದೀಯ. ಒಂದು ಕಿಡಿ ಹಾರಿದ್ರೆ ನೀನೂ ನಿನ್ನ ಮಿಷನ್ನೂ ಒಟ್ಟಿಗೆ ಛಾವಣಿ ದಾಟ್ತಿದ್ರಿ!"

"ಬಂದ ತಕ್ಷಣ ಬೈಬೇಡ. ಈಗೇನು ಮಾಡೋದು ಹೇಳು."

"ಹೊರಗಡೆ ಒಂದು ಗೂಡು ಕಟ್ಟಿ ಅದರಲ್ಲಿಡೋಣ."

ಮನೆಯ ಸುತ್ತ ಒಂದು ಸುತ್ತು ಹಾಕಿ ಅವನು ಹಿತ್ತಲಲ್ಲಿ ನಿಂತ. ಅಲ್ಲಿ ಬಿಸಿಲು ಬೀಳುತ್ತಿರಲಿಲ್ಲ, ನೀರು ನಿಲ್ಲುತ್ತಿರಲಿಲ್ಲ. ನೆಲದಿಂದ ಮೊಣಕಾಲೆತ್ತರಕ್ಕೆ ಅಮ್ಮನ ಒಗೆಯುವ ಕಲ್ಲು, ಚಪ್ಪಟೆಯಾಗಿ, ಗಟ್ಟಿಯಾಗಿ ಕೂತಿತ್ತು.

"ಇದರ ಮೇಲೇ ಕಟ್ಟಿದ್ರೆ ಸರಿಹೋಗುತ್ತೆ," ಎಂದ.

"ಅಲ್ಲಿ ಮಾತ್ರ ಬೇಡ," ಎಂದು ಅಕ್ಕ ಒಳಗೆ ಹೋಗಿಬಿಟ್ಟಳು.

ಅವನು ಒತ್ತಾಯ ಮಾಡಲಿಲ್ಲ. ಆ ಕಲ್ಲಿನ ಮೇಲೆ ಕೂರಿಸಿಯೇ ಅಮ್ಮ ಇಬ್ಬರಿಗೂ ಸ್ನಾನ ಮಾಡಿಸುತ್ತಿದ್ದದ್ದು. ಕಣ್ಣಿಗೆ ಸೋಪು ಹೋಗಿ ಅವನು ಊರು ಒಂದಾಗುವಂತೆ ಅಳುತ್ತಿದ್ದರೆ, ಅಕ್ಕ ಪಕ್ಕದಲ್ಲಿ ನಿಂತು ಕಿಸಿಕಿಸಿ ನಗುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಅಕ್ಕ ಒಂದು ಬಕೆಟ್ ಬಟ್ಟೆ ಹೊತ್ತು ಬಂದಳು. ಅಷ್ಟನ್ನೂ ಅದೇ ಕಲ್ಲಿನ ಮೇಲೆ ಕುಕ್ಕಿ ಒಗೆದಳು. ಕಲ್ಲಿಗೂ ನೀರು ಹುಯ್ದು ತಿಕ್ಕಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಒಣಗಲಿ. ಆಮೇಲೆ ಕಟ್ಟು," ಎಂದಳು.

ಹಳೇ ಬೇಲಿಯ ಮರದಿಂದ ಚೌಕಟ್ಟು ಎದ್ದಿತು. ಗ್ಯಾಸ್ ಹಗುರ, ಮೇಲಕ್ಕೇ ಹೋಗುತ್ತದೆಂದು ತಮ್ಮ ಹಲಗೆಗಳ ಮೇಲ್ತುದಿಯಲ್ಲಿ ಕಿಂಡಿ ಬಿಟ್ಟ, ಗಾಳಿ ಒಳಬರಲೆಂದು ಬುಡದಲ್ಲೂ ಬಿಟ್ಟ. ಇಲಿ ನುಗ್ಗದಂತೆ ಅಕ್ಕ ಅವಕ್ಕೆ ಜಾಲರಿ ಕತ್ತರಿಸಿ ಕೊಟ್ಟಳು. ಅವಳ ಕತ್ತರಿ ಬಟ್ಟೆಗಿಂತ ಜಾಲರಿಯಲ್ಲೇ ನೇರ ಹೋಗುತ್ತದೆ ಎಂದು ಅವನು ರೇಗಿಸಿದ. ಮೇಲೆ ಇಳಿಜಾರಾಗಿ ತಗಡಿನ ಮಾಡು, ಕೆಳಗೆ ಆ್ಯಸಿಡ್ ಸೋರಿದರೆ ಹಿಡಿಯಲು ಪ್ಲಾಸ್ಟಿಕ್ ತಟ್ಟೆ. ಕಿಡಿ ಹಾರಬಹುದಾದ ಸ್ವಿಚ್ಚು ಗಿಚ್ಚು ಯಾವುದನ್ನೂ ಗೂಡಿನೊಳಗೆ ಇಡಲಿಲ್ಲ. ವೈರುಗಳನ್ನು ಪೈಪಿನೊಳಗೆ ಸೇರಿಸಿ ಗೋಡೆ ದಾಟಿಸಿದ.

ಬ್ಯಾಟರಿ ಬಿಚ್ಚುವಾಗ ಅಕ್ಕ ಕೈಹಾಕಲು ಬಂದಳು.

"ಮೊದಲು ಬಳೆ ತೆಗಿ!" ಎಂದು ತಮ್ಮ ಕೂಗಿದ.

ಅಕ್ಕ ತಟ್ಟನೆ ಕೈ ಹಿಂದಕ್ಕೆಳೆದುಕೊಂಡಳು. ಒಮ್ಮೆ ಧೂಳು ಒರೆಸುವಾಗ ಅಮ್ಮನ ಲೋಹದ ಬಳೆ ಅಕ್ಕಪಕ್ಕದ ಬ್ಯಾಟರಿಗಳ ತುದಿಗಳಿಗೆ ಒಟ್ಟಿಗೇ ತಾಗಿ ಕೆಂಪಗೆ ಕಾದು, ಮಣಿಕಟ್ಟಿನ ಸುತ್ತ ಸುಟ್ಟ ಗೆರೆ ಉಳಿದಿತ್ತು.

"ಆ ಗೆರೆ ನೋಡಿ ಯಾರಾದ್ರೂ ಕೇಳಿದ್ರೆ ಏನಂತಿದ್ಲು, ನೆನಪಿದೆಯಾ?" ಎಂದಳು ಅಕ್ಕ.

"ಈ ಬಳೆ ನಮ್ಮ ಯಜಮಾನ್ರು ಮಾಡಿಸಿಕೊಟ್ಟಿದ್ದು, ಕಳ್ಳರೂ ಕದಿಯೋ ಹಾಗಿಲ್ಲ ಅಂತ."

ನಗು ತಡೆಯಲಾಗದೆ ಅಕ್ಕ ಗೋಡೆಗೊರಗಿ ಕೂತಳು. ನಗುತ್ತಲೇ ಅವಳ ಕಣ್ಣು ತುಂಬಿತು. ಬಳೆಗಳನ್ನು ಒಂದೊಂದಾಗಿ ಬಿಚ್ಚಿ ತಮ್ಮನ ಜೇಬಿಗೆ ಹಾಕಿದಳು.

ಸಂಜೆ ಹೊತ್ತಿಗೆ ಬ್ಯಾಟರಿಗಳು ಗೂಡು ಸೇರಿ, ಮನೆಯ ದೀಪ ಹತ್ತಿತು. ಮರುದಿನ ಅವನು ಪಟ್ಟಣಕ್ಕೆ ಹೊರಟ.

ಮೊದಲ ಜೋರು ಮಳೆ ಹೊಡೆದ ದಿನ ಅವನೇ ಫೋನು ಮಾಡಿದ.

"ಗೂಡೊಳಗೆ ನೀರು ಬಂತಾ?"

"ಒಂದು ಹನೀನೂ ಇಲ್ಲ. ಒಳಕೋಣೆಗೆ ಬಣ್ಣ ಹೊಡೆಸ್ದೆ ಕಣೋ. ಮಿಷನ್ ಈಗ ಕಿಟಕಿ ಹತ್ರ ಇದೆ."

ತಮ್ಮ ಕೇಳಿದ: "ಸಣ್ಣವರಿದ್ದಾಗ ಆ ಕಿಟಕೀಲಿ ಕಾಯ್ತಿದ್ವಲ್ಲ, ಅಪ್ಪನ ಸೈಕಲ್ ಬರ್ತಿದ್ದ ತಿರುವು ಅಲ್ಲಿಂದ ಈಗಲೂ ಕಾಣುತ್ತಾ?"

ಅಕ್ಕ ಕಿಟಕಿಯಿಂದ ಬಗ್ಗಿ ನೋಡಿದಳು.

"ಮರ ಬೆಳೆದುಬಿಟ್ಟಿದೆ. ಸ್ವಲ್ಪ ಕಾಣುತ್ತೆ."

"ಅಷ್ಟು ಸಾಕು ಬಿಡು," ಎಂದ ಅವನು.