ಮಾದರಿ ಕಲ್ಲಿನ ಹೆಸರು

ಸತ್ತವರು ಜಗಳವಾಡುವುದಿಲ್ಲ, ನಿಜ. ಅವರ ಹೆಸರಿನಲ್ಲಿ ಉದ್ಯಾನ ಕಟ್ಟಲು ಕೂತವರು ಸುಮ್ಮನಿರಬೇಕಲ್ಲ! ಹನ್ನೊಂದು ದೇಶಗಳ ಸೈನಿಕರು ಒಂದೇ ಕಡೆ ನಿಂತು ಹೋರಾಡಿ ಮಡಿದ ಊರು ಅದು. ಅವರ ನೆನಪಿಗೆ ನದಿಯ ದಂಡೆಯಲ್ಲಿ ಒಂದು ಉದ್ಯಾನ, ಉದ್ಯಾನದ ನಡುವೆ ಹೆಸರು ಕೆತ್ತಿದ ಗೋಡೆ ಎಂದು ತೀರ್ಮಾನವಾಗಿ ನಾಲ್ಕು ವರ್ಷವಾಗಿತ್ತು. ಬಾವುಟದ ಕಂಬ ಎಷ್ಟೆತ್ತರ ಇರಬೇಕೆಂದು ಹನ್ನೊಂದೂ ದೇಶಗಳ ಪ್ರತಿನಿಧಿಗಳ ಸಮಿತಿ ಒಂದು ವರ್ಷ ಕಿತ್ತಾಡಿತು. ಗೋಡೆಯಲ್ಲಿ ಯಾರ ದೇಶ ಮೊದಲು ಎಂಬುದಕ್ಕೆ ಒಂದೂವರೆ ವರ್ಷ ಹೋಯಿತು. ಆಮೇಲೆ ಮರಗಳ ಸರದಿ. ಒಬ್ಬರಿಗೆ ಎಲೆ ಉದುರುವ ಮರ ಬೇಡ, ಅದು ಸಾವನ್ನು ನೆನಪಿಸುತ್ತದಂತೆ. ಸ್ವಾಮೀ, ನೀವು ಕಟ್ಟುತ್ತಿರುವುದಾದರೂ ಏನನ್ನು ಎಂದು ಕೇಳುವ ಗಟ್ಟಿಗರು ಆ ಸಭೆಯಲ್ಲಿ ಒಬ್ಬರೂ ಇರಲಿಲ್ಲ.

ಅವರು ಬಾಯಿ ನೋಯಿಸಿಕೊಂಡು ಎದ್ದು ಹೋದಮೇಲೆ ನಕ್ಷೆ ತಿದ್ದುವವಳು ಒಬ್ಬಳೇ. ಕಚೇರಿಯಲ್ಲಿ ಅವಳನ್ನು ಎಲ್ಲರೂ ಸ್ಕೇಲಕ್ಕ ಎಂದೇ ಕರೆಯುತ್ತಿದ್ದರು. ಊಟಕ್ಕೆ ಹೋದರೂ ಕೈಯಲ್ಲಿ ಉಕ್ಕಿನ ಸ್ಕೇಲು ಇರುತ್ತಿತ್ತು. ಹದಿನಾರು ಸಲ ತಿದ್ದಿದಳು. ಒಮ್ಮೆಯೂ ಮುಖ ಸಿಂಡರಿಸಲಿಲ್ಲ. ಎಂಥ ತಾಳ್ಮೆ ಎಂದು ದೊಡ್ಡ ಇಂಜಿನಿಯರ್ ಕೂಡ ಹೊಗಳುತ್ತಿದ್ದರು. ತಾಳ್ಮೆಯೂ ಅಲ್ಲ, ಮಣ್ಣೂ ಅಲ್ಲ. ಆ ಗೋಡೆಯಲ್ಲಿ ಅವಳ ತಮ್ಮನ ಹೆಸರು ಬರಬೇಕಿತ್ತು, ಅಷ್ಟೇ.

ತಮ್ಮ ಸೈನಿಕನಲ್ಲ. ಸೈನ್ಯದ ಶಿಬಿರಗಳಿಗೆ ನೀರು ಸಾಗಿಸುವ ಲಾರಿಯ ಡ್ರೈವರ್. ಯುದ್ಧದ ಕೊನೆಯ ದಿನ, ಮೂರು ದೇಶಗಳ ಹದಿನಾಲ್ಕು ಮಂದಿ ಗಾಯಾಳು ಸೈನಿಕರನ್ನು ಅದೇ ಲಾರಿಗೆ ಹತ್ತಿಸಿಕೊಂಡು ಸೇತುವೆ ದಾಟುತ್ತಿದ್ದಾಗ ಮೇಲಿನಿಂದ ಬಾಂಬು ಬಿತ್ತು. ಹದಿನೈದು ಜನರೂ ಹೋದರು. ಹದಿನಾಲ್ಕು ಹೆಸರು ಗೋಡೆಯ ಪಟ್ಟಿಯಲ್ಲಿ ಬಂತು. ಲಾರಿ ತನ್ನಷ್ಟಕ್ಕೆ ತಾನೇ ಸೇತುವೆಯವರೆಗೆ ಓಡಿತ್ತೋ ಏನೋ!

ಸಮಿತಿಯ ನಿಯಮ ಒಂದೇ: "ಇವನು ನಮ್ಮವನು" ಎಂದು ಯಾವುದಾದರೂ ದೇಶ ಮೊಹರು ಹಾಕಿ ಬರೆದುಕೊಟ್ಟರೆ ಮಾತ್ರ ಗೋಡೆಯಲ್ಲಿ ಜಾಗ. ಅಕ್ಕ ಮೂರೂ ದೇಶಗಳಿಗೆ ಬರೆದಳು. ಒಬ್ಬರು, ಅವನನ್ನು ನೇಮಿಸಿದ್ದು ಗುತ್ತಿಗೆದಾರ ಎಂದರು. ಇನ್ನೊಬ್ಬರು, ಅವನು ನಿಮ್ಮ ದೇಶದವನಲ್ಲವೇ ಎಂದರು. ಮೂರನೆಯವರು ಸಂತಾಪ ಸೂಚಿಸಿ ಕೈ ತೊಳೆದುಕೊಂಡರು. ಸ್ವಂತ ದೇಶದ ಸೇನಾ ಇಲಾಖೆಯಂತೂ, ಸೇವಾಸಂಖ್ಯೆ ಇಲ್ಲದವರು ತಮ್ಮ ಕಡತದಲ್ಲಿ ಇರುವುದೇ ಇಲ್ಲ ಎಂದು ಒಂದೇ ಸಾಲು ಬರೆಯಿತು.

ಮನೆಯಲ್ಲಿ ಅಪ್ಪ ದಿನಾ ಕೇಳುತ್ತಿದ್ದ. ನಲವತ್ತು ವರ್ಷ ಮನೆಮನೆಯ ನೆಲಕ್ಕೂ ಗೋಡೆಗೂ ಕಲ್ಲು ಕೂರಿಸಿದವನು. ಈಗ ಕಣ್ಣು ಪೂರ್ತಿ ಹೋಗಿತ್ತು. ಮಗನ ಹೆಸರು ಪಟ್ಟಿಯಲ್ಲಿಲ್ಲ ಎಂದು ಅಕ್ಕ ಅವನಿಗೆ ಹೇಳಿರಲಿಲ್ಲ.

"ಗೋಡೆ ಎದ್ದಿತೇನಮ್ಮಾ?"

"ಏಳ್ತಿದೆ ಅಪ್ಪ."

"ಎದ್ದ ದಿನ ಕರ್ಕೊಂಡ್ಹೋಗು. ಒಂದ್ಸಲ ಮುಟ್ಟಿಬಿಡ್ತೀನಿ, ಸಾಕು."

ಕೆತ್ತನೆಯ ಅಕ್ಷರಗಳನ್ನು ಎಲ್ಲ ದೇಶದವರೂ ಒಪ್ಪಬೇಕಲ್ಲ, ಅದಕ್ಕೆ ಮೊದಲು ಒಂದು ಮಾದರಿ ಕಲ್ಲು ಕೆತ್ತಿಸುವುದು ರೂಢಿ. ಅದರ ನಕ್ಷೆಯಲ್ಲಿ ಅಳತೆಗೆಂದು ಯಾವುದಾದರೂ ಒಂದು ಹೆಸರು ಬರೆಯುತ್ತಾರೆ. ಸಾಮಾನ್ಯವಾಗಿ ದೊಡ್ಡ ಇಂಜಿನಿಯರ್ ಹೆಸರೇ, ಅವರಿಗೂ ಖುಷಿ. ಅಕ್ಕ ಈ ಸಲ ತಮ್ಮನ ಹೆಸರು ಬರೆದಳು. ಯಾರಾದರೂ ನೋಡಿ ಇದು ಯಾರ ಹೆಸರು ಎಂದು ಕೇಳಿಯೇ ಕೇಳುತ್ತಾರೆ, ಆಗ ಎಲ್ಲರ ಮುಂದೆ ಹೇಳಿಬಿಡುವುದು ಎಂದು ಲೆಕ್ಕ ಹಾಕಿದ್ದಳು. ಹದಿನೈದು ದಿನ ಕನ್ನಡಿ ಮುಂದೆ ನಿಂತು ಆ ನಾಲ್ಕು ಮಾತು ಬಾಯಿಪಾಠ ಮಾಡಿದಳು.

ಹನ್ನೊಂದು ಪ್ರತಿನಿಧಿಗಳೂ ಬಂದು ಕಲ್ಲಿನ ಸುತ್ತ ನಿಂತರು. ಒಬ್ಬರು ಅಕ್ಷರದ ಆಳಕ್ಕೆ ಬೆರಳಿಟ್ಟು ನೋಡಿದರು. ಇನ್ನೊಬ್ಬರು ಕನ್ನಡಕ ಏರಿಸಿ ಅಂಚು ನೋಡಿದರು. ಬಹಳ ಚೆನ್ನಾಗಿದೆ ಎಂದರು ಎಲ್ಲರೂ. ನಾಲ್ಕು ವರ್ಷದಲ್ಲಿ ಅವರು ಒಮ್ಮತದಿಂದ ಒಪ್ಪಿದ ಮೊದಲ ವಿಷಯ ಅದು. ಇದು ಯಾರ ಹೆಸರು ಎಂದು ಒಂದು ನರಪಿಳ್ಳೆಯೂ ಕೇಳಲಿಲ್ಲ. ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಟೀ ಬಂತು, ಎಲ್ಲರೂ ಅತ್ತ ತಿರುಗಿದರು.

"ಮಾದರೀನ ಒಡೆಸಿಬಿಡಿ," ಎಂದರು ದೊಡ್ಡ ಇಂಜಿನಿಯರ್. "ಪಟ್ಟೀಲಿ ಇಲ್ಲದ ಹೆಸರು, ಅಪ್ಪಿತಪ್ಪಿ ಗೋಡೆಗೆ ಹೋದ್ರೆ ನನ್ನ ತಲೆ ಹೋಗುತ್ತೆ."

"ಸಾರ್, ಅದು ನನ್ನ ತಮ್ಮ."

ಅವರು ಟೀ ಲೋಟ ಕೆಳಗಿಟ್ಟರು. ಕೆಟ್ಟವರೇನಲ್ಲ.

"ನಂಗೊತ್ತಮ್ಮ. ನೋಡಿದ ಕೂಡ್ಲೇ ಗೊತ್ತಾಯ್ತು. ಆದ್ರೆ ಇವನೊಬ್ಬನಿಗೆ ಬಾಗಿಲು ತೆಗೆದ್ರೆ ಅಡುಗೆಯವರು, ಹೊರೆಯಾಳುಗಳು, ಎಲ್ರೂ ಬರ್ತಾರೆ. ಗೋಡೆ ಎಲ್ಲಿ ಸಾಲುತ್ತೆ?"

ಬರಲಿ ಬಿಡಿ, ಗೋಡೆ ಉದ್ದ ಮಾಡೋಣ ಎನ್ನಬೇಕಿತ್ತು. ಎನ್ನಲಿಲ್ಲ. ಅಕ್ಕ ಸ್ಕೇಲು ಎತ್ತಿಕೊಂಡು ತನ್ನ ಮೇಜಿಗೆ ಹೋದಳು, ಪಾಪ.

ಒಡೆಯುವ ದಿನ ಬೆಳಿಗ್ಗೆ ಅಕ್ಕ ಅಪ್ಪನನ್ನು ಕಲ್ಲುಕುಟಿಗನ ಅಂಗಳಕ್ಕೆ ಕರೆತಂದಳು. ಗೋಡೆಯ ಕಲ್ಲು ಬಂದಿದೆ ಎಂದಷ್ಟೇ ಹೇಳಿದ್ದಳು. ಒಂದು ಸಲ ಮುಟ್ಟಿ ಮನೆಗೆ ಹೋದರೆ ಉಳಿದ ದಿನ ನೆಮ್ಮದಿಯಾಗಿರುತ್ತಾನೆ, ಸುಳ್ಳಾದರೆ ಸುಳ್ಳಾಗಲಿ ಎಂದುಕೊಂಡಿದ್ದಳು.

ಅಪ್ಪ ಮಂಡಿಯೂರಿ ಕೂತ. ಬೆರಳು ಮೊದಲ ಅಕ್ಷರಕ್ಕೆ ತಾಗಿತು. ನಿಧಾನವಾಗಿ ಕೊನೆಯ ಅಕ್ಷರದವರೆಗೂ ಹೋಯಿತು, ಮತ್ತೆ ಮೊದಲಿಗೆ ಬಂತು. "ಬಂದ್ಯೇನೋ, ನನ್ನಪ್ಪಾ," ಎಂದ. ಅಕ್ಕ ಮುಖ ತಿರುಗಿಸಿಕೊಂಡಳು.

ಆದರೆ ನಲವತ್ತು ವರ್ಷದ ಕೈ ಅಲ್ಲಿಗೇ ನಿಲ್ಲುತ್ತದೆಯೇ? ಅಂಚು ಸವರಿತು. ಕಲ್ಲಿನ ಬೆನ್ನಿಗೆ ಹೋಯಿತು. ಅಲ್ಲೇ ತಡವಿತು.

"ಗೋಡೆಗೆ ಕೂರಿಸೋ ಕಲ್ಲಿಗೆ ಹಿಂದೆ ಕೊಕ್ಕೆ ತೂತು ಇರುತ್ತೆ. ಇದಕ್ಕಿಲ್ವಲ್ಲ."

ಕಲ್ಲುಕುಟಿಗ ಅಕ್ಕನ ಮುಖ ನೋಡಿದ.

"ಮಾದರಿ ಕಲ್ಲೇನಮ್ಮಾ ಇದು?"

"ಹೂಂ ಅಪ್ಪ."

"ಒಡೀತಾರಾ?"

"ಇವತ್ತೇ."

ಕಲ್ಲುಕುಟಿಗ ತಡೆಯಲಾರದೆ ಹತ್ತಿರ ಬಂದ. "ಯಜಮಾನ್ರೇ, ತಗೊಂಡ್ಹೋಗಿ. ಒಡೆದೆ ಅಂತ ಬರ್ದುಕೊಡ್ತೀನಿ. ನಾನೇ ಗಾಡೀಲಿ ಮನೆಗೆ ತಂದು ಇಳಿಸ್ತೀನಿ. ಯಾರು ನೋಡ್ತಾರೆ?"

ಅಕ್ಕನ ಜೀವಕ್ಕೆ ಜೀವ ಬಂತು. ಅಪ್ಪ ಬೇಡವೆಂದು ತಲೆಯಾಡಿಸಿದ.

"ಮನೇಲಿ ಇಟ್ಕೊಂಡು ಏನ್ ಮಾಡ್ಲಪ್ಪ? ಮನೇಲಿ ಅವನ ಹೆಸರು ಯಾರಿಗೆ ಗೊತ್ತಿಲ್ಲ?" ಎಂದು ಎದ್ದು ಮಂಡಿಯ ಧೂಳು ಕೊಡವಿಕೊಂಡ. "ನಿನ್ನ ಕೆಲಸ ನೀನು ಮಾಡು."

ಮೂರು ಪೆಟ್ಟು ಬೇಕಾಯಿತು. ಅಪ್ಪ ಅಲ್ಲೇ ನಿಂತು ಕೇಳಿಸಿಕೊಂಡ. ಒಡೆಸಿದ್ದಾಗಿದೆ ಎಂಬ ಕಾಗದಕ್ಕೆ ಅಕ್ಕ ಸಹಿ ಹಾಕಿದಳು.

ಬಸ್ಸಿನಲ್ಲಿ ಅಪ್ಪ ಅವಳ ಕಡೆ ತಿರುಗಿದ. "ಆ ಹದಿನಾಲ್ಕು ಹುಡುಗರ ಹೆಸರು ನೀಟಾಗಿ ಬರಿಯಮ್ಮಾ. ಅವರಪ್ಪಂದಿರೂ ಬಂದು ಮುಟ್ತಾರೆ."

ಅಕ್ಕನಿಗೆ ಆ ಅಪ್ಪಂದಿರ ಮೇಲೆ ಹೊಟ್ಟೆ ಉರಿಯಿತು. ತನ್ನ ಅಪ್ಪನ ಒಳ್ಳೆಯತನದ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಮರುದಿನ ಕಚೇರಿಗೆ ಹೋಗಿ ಹದಿನಾಲ್ಕು ಹೆಸರನ್ನೂ ಬರೆದಳು. ಒಂದಕ್ಷರ ತಪ್ಪಲಿಲ್ಲ. ಕೆಳಗೆ ಇನ್ನೊಂದು ಸಾಲಿನಷ್ಟು ಜಾಗ ಉಳಿಯಿತು. ದೊಡ್ಡ ಇಂಜಿನಿಯರ್ ಬಂದು ಹಾಳೆ ಎತ್ತಿ ನೋಡಿದರು.

"ಇಲ್ಲೊಂದು ಎಲೆ ಬಳ್ಳಿ ಎಳೆದುಬಿಡಿ. ಬೋಳಾಗಿ ಕಾಣುತ್ತೆ," ಎಂದರು.

ಅವಳು ಎಳೆದಳು.